ಕೆಂಪು ಬಾಳೆಯ ಮುಂದೆ ಕೂತವಳು

ಪಂಚಶೀಲಾ ಕಲಬುರಗಿಯ ಜೇವರ್ಗಿ ಕಾಲೋನಿಯ ಒಂದು ಲ್ಯಾಬಿನಲ್ಲಿ ಮೂರು ವರ್ಷದಿಂದ ರಕ್ತ ತೆಗೆಯುವ ಕೆಲಸ ಮಾಡುತ್ತಿದ್ದಾಳೆ. ವಯಸ್ಸು ಇಪ್ಪತ್ತನಾಲ್ಕು. ದಿನಕ್ಕೆ ಸರಾಸರಿ ಅರವತ್ತು ಮಂದಿ ಬರುತ್ತಾರೆ. ಪ್ರತಿ ಟ್ಯೂಬಿನ ಚೀಟಿಯನ್ನು ಅವಳು ಎರಡು ಸಲ ಓದುತ್ತಾಳೆ, ಸೂಜಿ ಚುಚ್ಚುವ ಮೊದಲೊಮ್ಮೆ, ಚುಚ್ಚಿದ ಮೇಲೊಮ್ಮೆ. ಈ ಮೂರು ವರ್ಷದಲ್ಲಿ ಒಬ್ಬರ ವರದಿ ಇನ್ನೊಬ್ಬರ ಕೈಗೆ ಹೋದದ್ದಿಲ್ಲ.

ಡಿಗ್ರಿಯಲ್ಲಿದ್ದಾಗ ಅವಳಿಗೆ ಒಬ್ಬ ಹುಡುಗನ ಮೇಲೆ ಪ್ರೀತಿಯಾಗಿತ್ತು. ಅದು ಮುಗಿದ ಎರಡು ವರ್ಷಕ್ಕೆ ಒಬ್ಬ ಹುಡುಗಿಯ ಮೇಲೆ ಆಯಿತು. ಎರಡನೆಯದು ಬಂದದ್ದರಿಂದ ಮೊದಲನೆಯದು ಸುಳ್ಳಾಗಲಿಲ್ಲ. ಹಾಸ್ಟೆಲಿನ ಗೆಳತಿಯೊಬ್ಬಳು ಇದನ್ನು ಕೇಳಿ, ‘ನಿಂದಿನ್ನಾ ಫಿಕ್ಸ್ ಆಗಿಲ್ಲ ಬಿಡು’ ಅಂದಳು. ಪಂಚಶೀಲಾ ಒಪ್ಪಲಿಲ್ಲ. ಫಲಿತಾಂಶ ಸಿಗದ ಪರೀಕ್ಷೆ ಬೇರೆ, ಎರಡೂ ಪಾಸಿಟಿವ್ ಬಂದ ಪರೀಕ್ಷೆ ಬೇರೆ ಎಂದು ಹೇಳಿದಳು. ಗೆಳತಿ ಕಾಮರ್ಸ್ ಓದುತ್ತಿದ್ದಳು. ಮಾತು ಅಲ್ಲಿಗೇ ನಿಂತಿತು.

ಹಾಗಾಗಿ, ಬೈಸೆಕ್ಷುಯಲ್ ಯುವಜನರ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದೇನೆ, ಮಾತಾಡುವವರು ಬೇಕು ಎಂದು ದಾನಿಶ್ ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ್ದನ್ನು ನೋಡಿ, ಒಂಬತ್ತು ದಿನ ವಿಚಾರ ಮಾಡಿ ಅವಳು ಉತ್ತರ ಬರೆದಳು. ದಾನಿಶ್ ಕಲಬುರಗಿಯ ರೋಜಾ ಬಡಾವಣೆಯವನು. ಮದುವೆಗಳ ವಿಡಿಯೊ ತೆಗೆಯುವುದು ಅವನ ಕಸುಬು. ಮದುವೆಗಳಿಲ್ಲದ ತಿಂಗಳಲ್ಲಿ ತನ್ನ ಚಿತ್ರ ಮಾಡುತ್ತಿದ್ದ. ಒಪ್ಪಿಗೆ ಪತ್ರ ಮೂರು ಪುಟವಿತ್ತು. ಪಂಚಶೀಲಾ ಅದನ್ನು ಎರಡು ಸಲ ಓದಿ ನಾಲ್ಕು ತಿದ್ದುಪಡಿ ಹಾಕಿದಳು: ಹೆಸರು ಬೇಡ, ಮುಖ ಕಾಣಬಾರದು, ದನಿ ಬದಲಾಗಬೇಕು, ಲ್ಯಾಬು ಯಾವುದೆಂದು ತಿಳಿಯಬಾರದು. ದಾನಿಶ್ ನಾಲ್ಕಕ್ಕೂ ಸಹಿ ಹಾಕಿದ.

ಮಾತಾಡಲು ಮಂದಿ ಇಲ್ಲದ ಜಾಗ ಬೇಕಿತ್ತು. ಕಮಲಾಪುರದಲ್ಲಿ ಅವಳ ಮನೆಯವರ ಬಾಳೆ ತೋಟವಿದೆ. ತಾಯಿ ಹಣಮಮ್ಮ ಬುದ್ಧವಿಹಾರಕ್ಕೆ ಹೋದ ದಿನ ನೋಡಿ ಅಲ್ಲೇ ಕುರ್ಚಿ ಹಾಕಿದರು.

ಮೂರು ತಿಂಗಳ ಮೇಲೆ ದಾನಿಶ್ ಚಿತ್ರವನ್ನು ಅವಳ ಮೊಬೈಲಿಗೆ ಕಳಿಸಿದ. ಇಪ್ಪತ್ತೆರಡು ನಿಮಿಷ. ಮುಖ ಮಸುಕಾಗಿತ್ತು. ದನಿ ಬಾವಿಯೊಳಗಿಂದ ಗಂಡಸು ಮಾತಾಡಿದಂತಿತ್ತು. ಹೆಸರಿರಲಿಲ್ಲ, ಲ್ಯಾಬಿರಲಿಲ್ಲ. ಎಲ್ಲ ಷರತ್ತು ಪೂರೈಸಿತ್ತು. ಎರಡನೆಯ ಸಲ ನೋಡುವಾಗ ಅವಳು ನಿಲ್ಲಿಸಿ, ದಾನಿಶ್‌ಗೆ ಫೋನ್ ಮಾಡಿದಳು.

“ದಾನಿಶ್ ಭಾಯ್, ನನ್ನ ಹಿಂದ ಬಾಳಿಗೊನಿ ಕಾಣಾಕತ್ತಾವ.”

“ಮಸ್ತ್ ಬಂದಾವಲ್ಲರೀ? ಪೂರಾ ಪಿಚ್ಚರಿನಾಗ ಅದಾ ನಂಬರ್ ಒನ್ ಶಾಟ್.”

“ಕೆಂಪು ಅದಾವ.”

“ಕೆಂಪು ಅದಾವಂತನೇ ಮಸ್ತ್ ಅದಾವ.”

“ಕೆಂಪು ಬಾಳಿ ಅಂದ್ರ ಕಮಲಾಪುರ ಅಂತ ಸಣ್ಣ ಹುಡುಗ್ರೂ ಹೇಳ್ತಾವ. ನನ್ನ ಮಾರಿ ಮುಚ್ಚಿ ಊರಿನ ಮಾರಿ ತೋರ್ಸೀರಿ.”

“ಯಾ ಅಲ್ಲಾ! ಕುರ್ಚಿ ನೀವಾ ಹಾಕಿದ್ರಿ, ಮೇಡಂ. ಅವಾಗ್ಯಾಕ ಹೇಳ್ಲಿಲ್ಲ?”

“ನಮಗ ಬಾಳಿಹಣ್ಣು ಕೆಂಪಾ ಇರ್ತದ್ರೀ. ಹಳದಿ ಇದ್ದಿದ್ರ ನೋಡ್ತಿದ್ದೆ.”

ಸಂಜೆ ಅವನು ಬಣ್ಣ ಬದಲಿಸಿ ಮತ್ತೆ ಕಳಿಸಿದ. ಬಾಳೆಗೊನೆ ಹಳದಿಯಾಗಿತ್ತು. ಜೊತೆಗೆ ಪಂಚಶೀಲಾಳ ಕೈಗಳೂ ಹಳದಿಯಾಗಿದ್ದವು. ಕಾಮಾಲೆ ಪೂರ್ತಿ ಏರಿದವರ ಕೈಯಂತೆ ಕಂಡವು. ಬೇಡವೆಂದಳು. ಆ ಭಾಗವನ್ನೇ ತೆಗೆಯುತ್ತೇನೆ ಎಂದ. ತೆಗೆದರೆ ಅವಳದು ಉಳಿಯುತ್ತಿದ್ದುದು ಐವತ್ತು ಸೆಕೆಂಡು, ಅದರಲ್ಲೂ ಇಪ್ಪತ್ತು ಸೆಕೆಂಡು ನೀರು ಕುಡಿಯುವುದು.

ಚಿತ್ರ ಹದಿನೈದು ದಿನಕ್ಕೆ ಯೂಟ್ಯೂಬಿಗೆ ಬರುವುದಿತ್ತು. ಅವಳ ಕಾಕಾ ಸೂರ್ಯಕಾಂತ ಊರಿನ ಬಾಳೆ ಬೆಳೆಗಾರರ ವಾಟ್ಸಾಪ್ ಗುಂಪು ನಡೆಸುತ್ತಾನೆ. ಕೆಂಪು ಬಾಳೆ ಇರುವ ಯಾವ ವಿಡಿಯೊ ಎಲ್ಲಿ ಬಂದರೂ ಅದು ಒಂದು ದಿನದೊಳಗೆ ಆ ಗುಂಪಿಗೆ ಬರುತ್ತದೆ. ಗೊನೆಗೆ ಆಸರೆ ಕೊಟ್ಟ ಬಿದಿರುಕೋಲು ನೋಡಿಯೇ ಯಾರ ತೋಟವೆಂದು ಹೇಳುವವರು ಅಲ್ಲಿದ್ದಾರೆ. ಆ ತೋಟದಲ್ಲಿ ಕುರ್ಚಿ ಹಾಕಿಕೊಂಡು ಕೂರುವ ವಯಸ್ಸಿನ ಹುಡುಗಿ ಒಬ್ಬಳೇ. ಅವ್ವನಿಗೆ ಇದು ಬೇರೆಯವರ ಮೊಬೈಲಿನಲ್ಲಿ ತಿಳಿಯುತ್ತದೆ. ಹಾಗಾಗಬಾರದು ಎಂದಷ್ಟೇ ಪಂಚಶೀಲಾಗೆ ಖಚಿತವಿತ್ತು. ಆ ಭಾಗ ತೆಗೆಯುವುದೋ ಇಡುವುದೋ ಹೇಳಲು ದಾನಿಶ್‌ನಿಂದ ಎರಡು ದಿನ ಕೇಳಿಕೊಂಡು ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದಳು. ಹೇಳಬೇಕಾದ್ದನ್ನು ನಾಲ್ಕು ವಾಕ್ಯದಲ್ಲಿ ಬರೆದುಕೊಂಡಿದ್ದಳು. ಬಸ್ಸಿನಲ್ಲಿ ಓದಿ ನೋಡಿದರೆ ಮೂರು ವಾಕ್ಯ ಪೀಠಿಕೆಯಾಗಿದ್ದವು.

ಹಣಮಮ್ಮ ತೋಟದಲ್ಲಿ ವಾಲಿದ ಗಿಡಕ್ಕೆ ಬಿದಿರು ಕಟ್ಟುತ್ತಿದ್ದಳು.

“ಅವ್ವ, ನಾ ಒಂದು ಪಿಚ್ಚರ್‌ದಾಗ ಅದೀನಿ.”

“ಹೀರೋಯಿನ್ನಾ?”

“ಅಲ್ಲ. ಕುಂತು ಮಾತಾಡೀನಿ.”

“ಅದನ್ನ ಯಾರ ನೋಡ್ತಾರ?” ಹಣಮಮ್ಮ ಹಗ್ಗ ಬಿಗಿದಳು. “ಈ ಕೋಲು ಹಿಡಿ.”

ಪಂಚಶೀಲಾ ಕೋಲು ಹಿಡಿದುಕೊಂಡು, ಪೀಠಿಕೆ ಬಿಟ್ಟು, ನಾಲ್ಕನೆಯ ವಾಕ್ಯ ಹೇಳಿದಳು. “ನನಗ ಹುಡುಗ್ರ ಮ್ಯಾಲೂ ಮನಸ್ಸಾಗ್ತದವ್ವ, ಹುಡುಗೇರ ಮ್ಯಾಲೂ ಆಗ್ತದ. ಮದಿವಿ ಆಗೋವಂಥ ಮನಸ್ಸು. ಅದನ್ನಾ ಪಿಚ್ಚರ್‌ದಾಗ ಹೇಳೀನಿ.”

ಹಣಮಮ್ಮ ಗಂಟು ಹಾಕುವುದನ್ನು ಮುಗಿಸಿದಳು. ಮುಂದಿನ ಗಿಡಕ್ಕೂ ಕಟ್ಟಿದಳು. ಮೂರನೆಯ ಗಿಡದ ಹತ್ತಿರ, “ತೋರ್ಸು” ಅಂದಳು.

ಇಬ್ಬರೂ ಬದುವಿನ ಮೇಲೆ ಕೂತು ನೋಡಿದರು. ಮಸುಕು ಮುಖ ಬಂದ ಕೂಡಲೇ ಹಣಮಮ್ಮ ಬೆರಳಿಟ್ಟಳು. “ಟಿ.ವಿ.ಯಾಗ ಕಳ್ಳರನ್ನ ಹಿಡದಾಗ ಹಿಂಗ ಮಾಡ್ತಾರ. ನೀ ಏನ್ ಕದ್ದಿ?”

“ಏನೂ ಕದ್ದಿಲ್ಲ. ಮಂದಿ ಗುರ್ತ ಹಿಡೀಬಾರ್ದಂತ ಮಾಡ್ಯಾರ, ಆ ಬಾಳಿಗೊನಿನೂ ತೆಗೀತೀನಂತಾರ.”

ಚಿತ್ರದಲ್ಲಿ ಪಂಚಶೀಲಾ ರಕ್ತದ ಉದಾಹರಣೆ ಕೊಡುತ್ತಿದ್ದಳು. ಗಾಜಿನ ಪಟ್ಟಿಯ ಮೇಲೆ ಎರಡು ಹನಿ ರಕ್ತ. ಒಂದಕ್ಕೆ ಎ ದ್ರಾವಣ, ಇನ್ನೊಂದಕ್ಕೆ ಬಿ. ಎಬಿ ಗುಂಪಿನ ರಕ್ತವಾದರೆ ಎರಡೂ ಹನಿ ಗಂಟುಗಂಟಾಗುತ್ತವೆ. ಅದು ಅರ್ಧ ಎ, ಅರ್ಧ ಬಿ ಅಲ್ಲ, ಎರಡೂ ಪೂರ್ತಿ ಇರುವ ರಕ್ತ.

“ಅಂದ್ರ ಇದು ರಕ್ತದಾಗ ಬಂದದ್ದಾ?”

“ಇಲ್ಲವ್ವ. ಅದು ತಿಳೀಲಿ ಅಂತ ಹೇಳಿದ್ದು.”

“ಇಲ್ಲದ್ದು ಯಾಕ ಹೇಳ್ತಿ? ಮಂದಿ ನಾಳಿ ನಿಮ್ಮ ಲ್ಯಾಬಿಗೆ ಬಂದು ಇದನ್ನೂ ಚೆಕ್ ಮಾಡ್ರಿ ಅಂತಾರ.”

ಕೊನೆಗೆ ದಾನಿಶ್‌ನ ಹೆಸರು ಬಂದು ಚಿತ್ರ ಮುಗಿಯಿತು. ಹಣಮಮ್ಮ ಮೊಬೈಲು ಹಿಂದೆ ಕೊಡಲಿಲ್ಲ. ಸೆರಗಿನಿಂದ ಅದರ ಗಾಜು ಒರೆಸಿದಳು. ಅದರ ಮೇಲೆ ಏನೂ ಇರಲಿಲ್ಲ.

“ಆ ಸಾಬರ ಹುಡುಗಗ ಮೊದಲ ಹೇಳಿದಿ. ನನಗ ಹೇಳಾಕ ಬಿದಿರು ಕೋಲು ಹಿಡಕೊಂಡು ನಿಂತಿ.”

“ಅವ ನನಗ ಯಾರೂ ಅಲ್ಲವ್ವ. ಅದಕ್ಕ ಹೇಳಾಕ ಸಸಾರ ಆತು.”

ಕಾಲುವೆಯ ನೀರು ಬೇರೆ ಸಾಲಿಗೆ ಹರಿಯುತ್ತಿತ್ತು, ಹಣಮಮ್ಮ ಎದ್ದು ಹೋಗಿ ಮಣ್ಣು ಎಳೆದು ತಿರುಗಿಸಿ ಬಂದಳು. ಅದಕ್ಕೆ ಏಳು ನಿಮಿಷ ಹಿಡಿಯಿತು. ಕೆಲಸ ಎರಡು ನಿಮಿಷದ್ದು.

“ನಿಮ್ಮ ಕಾಕಾಗ ನಾ ಹೇಳ್ತೀನಿ. ನೀ ಹೇಳಬ್ಯಾಡ, ರಕ್ತ-ಗಿಕ್ತ ಅಂತ ಉದ್ದ ಮಾಡ್ತಿ.”

“ಏನಂತ ಹೇಳ್ತಿ?”

“ಇನ್ನಾ ವಿಚಾರ ಮಾಡಿಲ್ಲ. ಕೇಳಿ ಖುಷಿ ಆಗ್ಯಾದ ಅಂತೂ ಹೇಳಂಗಿಲ್ಲ, ಆಗಿಲ್ಲ. ಅಂವ ಒದರ್ಯಾಡ್ತಾನ. ಒದರ್ಲಿ. ಗುಂಪಿನಾಗ ನೋಡಿ ಒದರೋದಕಿಂತ ನನ್ನ ಮುಂದ ಒದರ್ಲಿ.” ಸ್ವಲ್ಪ ತಡೆದು, “ಆ ಬಾಳಿ ಹಂಗಾ ಇರ್ಲಿ. ಛಲೋ ಗೊನಿ ಅವು” ಅಂದಳು.

ಪಂಚಶೀಲಾ ಅಲ್ಲಿಂದಲೇ ದಾನಿಶ್‌ಗೆ ಬರೆದಳು: ಏನೂ ತೆಗೆಯಬೇಡಿ. ಮೊಬೈಲು ಒಳಗಿಡುವಾಗ ಹಣಮಮ್ಮ ಮತ್ತೆ ಕೇಳಿದಳು.

“ಪಿಚ್ಚರ್‌ದಾಗ ಒಬ್ಬಾಕಿ ಹುಡುಗಿ ಅಂದ್ಯಲ್ಲ, ಆಕಿ ಈಗ ಎಲ್ಲದಾಳ?”

“ಬೀದರ್‌ದಾಗ ಕೆಲಸ ಆತು. ಹೋದ ವರ್ಷ ಬಿಟ್ಟೀವಿ.”

“ಯಾರು ಬಿಟ್ಟಿದ್ದು?”

“ಆಕಿನಾ. ದೂರ ಆಗ್ತದ ಅಂದಳು.”

ಹಣಮಮ್ಮನ ಮುಖ ಆ ಬೆಳಿಗ್ಗೆ ಮೊದಲ ಸಲ ಕೆಂಪೇರಿತು. “ಬೀದರ್ ದೂರೇನ? ಅಲ್ಲಿಗೆ ಹೋಗೋ ಎಲ್ಲಾ ಬಸ್ಸು ನಮ್ಮ ಊರ ಮುಂದಲೆ ಹೋಗ್ತಾವ!”