ಹದಿನಾರನ್ನು ನಾಲ್ಕಕ್ಕೆ ಇಳಿಸಿದ ಸರ್ವರಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ ಸ್ವೆಟರ್ ತೊಟ್ಟ ಹೆಂಗಸೊಬ್ಬರು ನಿಂತುಕೊಂಡೇ ಪರದೆ ನೋಡುತ್ತಿದ್ದಾರೆ. ಅವರ ಹಿಂದೆ ಆಳೆತ್ತರದ ಕಪಾಟುಗಳಲ್ಲಿ ಆರು ದೊಡ್ಡ ಕಂಪ್ಯೂಟರುಗಳು ಗುಂಯ್‌ಗುಡುತ್ತಿವೆ. ಕುರ್ಚಿ ಇದೆ, ಆದರೆ ಅದರ ಮೇಲೆ ಊಟದ ಡಬ್ಬಿ ಕೂತಿದೆ. "ಕೂತ್ರೆ ಚಳಿ ಜಾಸ್ತಿ ಆಗತ್ತೆ," ಎನ್ನುತ್ತಾ ಪರದೆಯ ಒಂದು ಗೆರೆಯನ್ನು ತೋರಿಸುತ್ತಾರೆ. "ಇದು ಲ್ಯಾಬು. ಇನ್ನೂ ಮಲಗಿದೆ. ಆರೂವರೆಗೆ ರಕ್ತದ ಸ್ಯಾಂಪಲ್ ಬರೋಕೆ ಶುರುವಾಗ್ಲಿ, ಧಡಕ್ಕಂತ ಎದ್ದು ಕೂರತ್ತೆ."

ಆಸ್ಪತ್ರೆಯಲ್ಲಿ ಇವರು ಎಲ್ಲರಿಗೂ ಸರ್ವರಕ್ಕ. ಈ ಆರು ಕಂಪ್ಯೂಟರುಗಳೊಳಗೆ ಎಂಬತ್ತನಾಲ್ಕು 'ವರ್ಚುವಲ್ ಮಷೀನ್'ಗಳಿವೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಒಂದೊಂದೂ ತಾನೇ ಪೂರ್ತಿ ಕಂಪ್ಯೂಟರ್ ಎಂದುಕೊಂಡು ಕೆಲಸ ಮಾಡುತ್ತದೆ. ನೋಂದಣಿಗೊಂದು, ಔಷಧಿ ಅಂಗಡಿಗೊಂದು, ಎಕ್ಸ್‌ರೇಗೆ ಎರಡು, ಹೀಗೆ. ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಯಾವುದಕ್ಕೆ ಎಷ್ಟು ಸಲ್ಲಬೇಕೆಂದು ನೋಡಿ ಹಂಚುವುದು ಇವರ ಕೆಲಸ. ನಿಜವಾಗಿ ಇರುವ ಪ್ರೊಸೆಸರ್ ನೂರ ತೊಂಬತ್ತೆರಡು, ಹಂಚಿರುವುದು ನಾನೂರಕ್ಕೂ ಮೇಲೆ. "ಎಲ್ಲರೂ ಒಟ್ಟಿಗೇ ಕೇಳಲ್ವಲ್ಲ, ಅದೇ ನಮ್ ಧೈರ್ಯ," ಎಂದು ನಗುತ್ತಾರೆ.

ಇಪ್ಪತ್ತೆರಡು ವರ್ಷಗಳ ಹಿಂದೆ ನೋಂದಣಿ ಕೌಂಟರಿನಲ್ಲಿ ರೋಗಿಗಳ ಹೆಸರು ಟೈಪು ಮಾಡಲು ಸೇರಿದವರು. ಕಂಪ್ಯೂಟರ್ ಕೆಟ್ಟಾಗಲೆಲ್ಲ ರಿಪೇರಿಯವರ ಬೆನ್ನ ಹಿಂದೆ ನಿಂತು ನೋಡಿ, ಕೇಳಿ, ಬೈಸಿಕೊಂಡು ಕಲಿತರು. ಸರ್ವರ್ ಕೋಣೆಗೆ ವರ್ಗವಾದಾಗ ಅತ್ತೆ ನೆಂಟರಿಗೆಲ್ಲ "ಸೊಸೆ ಆಸ್ಪತ್ರೇಲಿ ಸರ್ವರು" ಎಂದು ಸಾರಿದರಂತೆ. "ಪಾಪ, ಈ ವಯಸ್ಸಲ್ಲಿ ತಟ್ಟೆ ಎತ್ತೋ ಕೆಲಸಾನಾ ಅಂತ ನಾದಿನಿ ಫೋನ್ ಮಾಡಿ ಅತ್ತೇಬಿಟ್ಲು!"

ಅಳು ಬರುವಂಥ ದಿನಗಳೂ ಇದ್ದವು. ಎರಡು ವರ್ಷಗಳ ಹಿಂದೆ ಲ್ಯಾಬಿನ ಮಷೀನ್ ನಿಧಾನವಾಯಿತು. ಹತ್ತು ನಿಮಿಷದಲ್ಲಿ ಬರಬೇಕಾದ ವರದಿಗೆ ಅರ್ಧ ಗಂಟೆ. ತಂತ್ರಾಂಶ ಕೊಟ್ಟ ಕಂಪನಿಯವರು "ಪ್ರೊಸೆಸರ್ ಸಾಲದು" ಎಂದರು. ಮೇಲಧಿಕಾರಿ ಎಂಟನ್ನು ಹನ್ನೆರಡು ಮಾಡಿಸಿದರು, ಹನ್ನೆರಡನ್ನು ಹದಿನಾರು. ವರದಿ ಮುಕ್ಕಾಲು ಗಂಟೆಗೆ ಹೋಯಿತು. ಒಂದು ಬೆಳಿಗ್ಗೆ ಪ್ರಿಂಟರ್ ನೋಡಲು ತುರ್ತು ಘಟಕಕ್ಕೆ ಹೋದ ಸರ್ವರಕ್ಕನನ್ನು ವಯಸ್ಸಾದವರೊಬ್ಬರು ತಡೆದರು. ಹೆಂಡತಿಯ ರಕ್ತದ ವರದಿ ಬಂದಿರಲಿಲ್ಲ, ಡಾಕ್ಟರು ಅದಕ್ಕೇ ಕಾಯುತ್ತಿದ್ದರು. "'ಅಮ್ಮಾ, ಇನ್ನೂ ಎಷ್ಟೊತ್ತು' ಅಂದ್ರು. ನನ್ ಕೈಲೇ ಇರೋ ಕೆಲಸ ಅದು. ಪ್ರಿಂಟರ್ ಅಲ್ಲೇ ಬಿಟ್ಟು ಕೆಳಗೆ ಓಡಿ ಬಂದೆ."

ಮೂರು ದಿನ ಅಂಕಿಅಂಶಗಳ ಮುಂದೆ ಕೂತರು. ಲ್ಯಾಬಿನ ಮಷೀನ್ ಕೆಲಸ ಮಾಡುವುದಕ್ಕಿಂತ ಹದಿನಾರು ಪ್ರೊಸೆಸರ್ ಒಟ್ಟಿಗೇ ಬಿಡುವಾಗಲೆಂದು ಕಾಯುವುದೇ ಹೆಚ್ಚಾಗಿತ್ತು. "ತುಂಬಿದ ಬಸ್ಸಲ್ಲಿ ನಾಲ್ಕು ಜನಕ್ಕಾದ್ರೆ ಬೇಗ ಸೀಟ್ ಸಿಗತ್ತೆ. ಹದಿನಾರು ಜನ ಒಟ್ಟಿಗೇ ಕೂರ್ತೀವಿ ಅಂದ್ರೆ ನಿಲ್ದಾಣದಲ್ಲೇ ನಿಂತಿರ್ಬೇಕು. ನಾವು ಉಪಕಾರ ಅಂತ ಕೊಟ್ಟಿದ್ದೇ ಅದಕ್ಕೆ ಉರುಳಾಗಿತ್ತು."

ಕಡಿಮೆ ಮಾಡೋಣವೆಂದಾಗ ಮೇಲಧಿಕಾರಿ ಹೌಹಾರಿದರು. "ಇರೋದನ್ನೂ ಕಿತ್ಕೊಂಡ್ರೆ ಲ್ಯಾಬ್‌ನೋರು ನನ್ನ ಸುಮ್ನೆ ಬಿಡ್ತಾರೇನಮ್ಮಾ?" ಸರ್ವರಕ್ಕ ಹಾಳೆಯೊಂದರಲ್ಲಿ 'ಏನಾದರೂ ಆದರೆ ಹೊಣೆ ನನ್ನದು' ಎಂದು ಬರೆದು ಸಹಿ ಹಾಕಿದರು. ಭಾನುವಾರ ಬೆಳಿಗ್ಗೆ ಹದಿನಾರನ್ನು ನಾಲ್ಕಕ್ಕೆ ಇಳಿಸಿದರು. ಸೋಮವಾರ ಮೊದಲ ವರದಿ ಒಂಬತ್ತು ನಿಮಿಷಕ್ಕೆ ಬಂತು.

ಲ್ಯಾಬಿನ ಮುಖ್ಯಸ್ಥರು ಧನ್ಯವಾದದ ಪತ್ರ ಬರೆದದ್ದು ತಂತ್ರಾಂಶದ ಕಂಪನಿಗೆ. "ಸ್ವಲ್ಪ ಚುರುಕ್ ಅಂತು, ಸುಳ್ ಯಾಕೆ ಹೇಳ್ಲಿ," ಎನ್ನುತ್ತಾರೆ ಸರ್ವರಕ್ಕ. "ಹೋಗಿ ಹೇಳೋಣ ಅಂತ ಮೆಟ್ಟಿಲವರೆಗೂ ಹೋದೆ. ಆಮೇಲೆ ನಾಚ್ಕೆ ಆಯ್ತು, ವಾಪಸ್ ಬಂದೆ."

ಮಾತಾಡುತ್ತಿರುವಾಗಲೇ ಆರೂವರೆಯಾಗಿ ಲ್ಯಾಬಿನ ಗೆರೆ ಜಿಗಿದೇಳುತ್ತದೆ. ಅದು ಸರಿಯಾಗಿ ಓಡುವುದನ್ನು ನೋಡಿದ ಮೇಲೆಯೇ ಅವರು ಮುಂದುವರಿಸುತ್ತಾರೆ. ಕಳೆದ ತಿಂಗಳು ಅವರ ಗಂಡನಿಗೇ ಎದೆನೋವು ಬಂದು ತುರ್ತು ಘಟಕಕ್ಕೆ ಕರೆತಂದಿದ್ದರಂತೆ. ವರದಿ ಎಂಟೇ ನಿಮಿಷಕ್ಕೆ ಬಂತು, ಹೆದರುವಂಥದ್ದೇನೂ ಇರಲಿಲ್ಲ. ಹೊಸದಾಗಿ ಸೇರಿದ ನರ್ಸ್ ಹಾಳೆ ಕೈಗಿಡುತ್ತಾ, "ಅಕ್ಕಾ, ನಮ್ ಲ್ಯಾಬ್ ಮೊದ್ಲಿಂದಾನೂ ಹೀಗೇ, ಬಹಳ ಫಾಸ್ಟು," ಎಂದಳಂತೆ.

ನೀವೇನಂದಿರಿ?

"'ಹೌದೇನಮ್ಮಾ' ಅಂದೆ. ಮೊದ್ಲಿಂದಾನೂ ಹೀಗೇ ಅಂತ ಅನ್ಕೊಂಡಿದಾಳಲ್ಲ, ಅಷ್ಟು ಸಾಕು."