ಫೋನು ಬಾರದ ಸಂಜೆ

ಶಾಲೆಯಿಂದ ನಿವೃತ್ತಳಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರುವವಳಲ್ಲ ನಾನು. ಕುದ್ರೋಳಿಯ ಒಂದು ಕಟ್ಟಡದ ಮಾಳಿಗೆಯಲ್ಲಿ ನಡೆಯುವ ಸ್ಥಳೀಯ ಕೇಬಲ್ ಚಾನೆಲ್‌ನವರು, ಪರದೆಯ ಕೆಳಗೆ ಓಡುವ ಸುದ್ದಿಯ ಸಾಲುಗಳನ್ನು ತಿದ್ದಿಕೊಡುತ್ತೀರಾ ಎಂದು ಕೇಳಿದಾಗ ಮರುದಿನವೇ ಹಾಜರಾದೆ. ಬೆಳಿಗ್ಗೆ ದೇರೆಬೈಲಿನಿಂದ ಬಸ್ಸು, ಮಧ್ಯಾಹ್ನ ಊಟಕ್ಕೆ ಮನೆ. ಶನಿವಾರದ ಮೀಟಿಂಗಿಗೆ ಎಲ್ಲರಿಗಿಂತ ಮೊದಲು ಹೋಗಿ ಕುರ್ಚಿಗಳನ್ನು ಸಾಲಾಗಿ ಇಡುವುದೂ ನಾನೇ. ಯಾರೂ ಹೇಳಿರಲಿಲ್ಲ. ಓರೆಯಾಗಿ ಇಟ್ಟ ಕುರ್ಚಿ ಕಂಡರೆ ನನಗೆ ಆಗುವುದಿಲ್ಲ.

ಯಾವ ಕಾರ್ಯಕ್ರಮ ಉಳಿಯಬೇಕು, ಯಾವುದು ಹೋಗಬೇಕು ಎಂಬುದು ತೀರ್ಮಾನವಾಗುತ್ತಿದ್ದದ್ದು ಆ ಶನಿವಾರದ ಮೀಟಿಂಗಿನಲ್ಲಿ. ದೊಡ್ಡ ವಾಹಿನಿಗಳಿಗೆ ಇದಕ್ಕೆ ಯಂತ್ರಗಳಿವೆ. ಆಯ್ದ ಮನೆಗಳಲ್ಲಿ ಇಟ್ಟ ಯಂತ್ರ ಯಾರು ಏನು ನೋಡಿದರು ಎಂದು ಹೇಳುತ್ತದೆ, ವಾರಕ್ಕೊಮ್ಮೆ ಅಂಕ ಬರುತ್ತದೆ. ಅಂಕ ಇಳಿದರೆ ನಾಯಕಿಗೆ ಅಪಘಾತವಾಗುತ್ತದೆ; ಇನ್ನೂ ಇಳಿದರೆ ಎಲ್ಲರೂ ಒಟ್ಟಿಗೆ ಒಳ್ಳೆಯವರಾಗಿ ಕಥೆ ಮುಗಿಯುತ್ತದೆ. ನಮ್ಮಂಥ ಸಣ್ಣ ಚಾನೆಲ್‌ಗೆ ಆ ಯಂತ್ರ ಎಲ್ಲಿಂದ ಬರಬೇಕು? ನಮ್ಮಲ್ಲಿ ಇದ್ದದ್ದು ಒಂದು ಫೋನು.

ಆ ಫೋನನ್ನೇ ಯಂತ್ರ ಮಾಡಿಕೊಂಡವರು ನಮ್ಮ ಮ್ಯಾನೇಜರ್. ದಾವಣಗೆರೆ ಕಡೆಯವರು, ಮಂಗಳೂರಿಗೆ ಹೊಸಬರು, ಸಂಭಾವಿತರು. ಅವರ ಕ್ರಮ ಸರಳ. ಯಾವ ಕಾರ್ಯಕ್ರಮದ ಮೇಲೆ ಅನುಮಾನವೋ ಅದನ್ನು ಒಂದು ಸಂಜೆ ಸೂಚನೆ ಕೊಡದೆ ನಿಲ್ಲಿಸುವುದು, ಆ ಜಾಗದಲ್ಲಿ ಹಳೆಯ ಭಜನೆ ಹಾಕುವುದು. ‘ಎಲ್ಲಿ ಹೋಯಿತು ನಮ್ಮ ಕಾರ್ಯಕ್ರಮ’ ಎಂದು ಫೋನು ಬಂದರೆ ಅದು ಉಳಿಯಿತು. ಬರದಿದ್ದರೆ ತಿಂಗಳ ಕೊನೆಗೆ ಮುಗಿಯಿತು. ನಡೆಸುವವರಿಗೆ ಮೊದಲೇ ತಿಳಿಸುವಂತಿಲ್ಲ. ತಿಳಿದರೆ ನೆಂಟರಿಷ್ಟರಿಂದ ಫೋನು ಮಾಡಿಸುತ್ತಾರೆ. ರಾಶಿಫಲ ನಿಂತ ದಿನ ರಿಸೀವರ್ ಕೆಳಗಿಡಲು ಪುರುಸೊತ್ತಾಗಲಿಲ್ಲ. ವೈದ್ಯರೊಬ್ಬರ ಆರೋಗ್ಯ ಸಲಹೆಗೆ ಒಂದು ಕರೆಯೂ ಇಲ್ಲ, ವೈದ್ಯರ ಮನೆಯಿಂದಲೂ ಬರಲಿಲ್ಲ. ನನಗೆ ಈ ಕ್ರಮ ಹಿಡಿಸಿತ್ತು. ಪರೀಕ್ಷೆ ಎಂದರೆ ಹೀಗೆಯೇ ಇರಬೇಕು, ಮೊದಲೇ ಪ್ರಶ್ನೆ ಗೊತ್ತಿರಬಾರದು.

ಅನುಮಾನ ಒಮ್ಮೆ ಮೀನಿನ ಕಾರ್ಯಕ್ರಮದ ಮೇಲೆ ಬಂತು. ದೀಪಾವಳಿಯ ಹೊತ್ತಿಗೆ ಶುರುವಾದದ್ದು. ನಡೆಸುತ್ತಿದ್ದವರು ಬೋಳಾರದ ಹೆಂಗಸು, ತಲೆತಲಾಂತರದಿಂದ ಕಡಲಿಗೆ ಹೋಗುವ ಮನೆಯವರು. ಮಂಡಿ ಕೈಕೊಡುವವರೆಗೆ ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿ ಬೀದಿ ಮೀನು ಮಾರಿದವರು. ಈಗ ಪ್ರತಿ ಸಂಜೆ, ಆ ದಿನ ಬಂದರಿನ ದಕ್ಕೆಗೆ ಯಾವ ಮೀನು ಬಂತು, ಹೇಗಿತ್ತು, ಸಾರು ಯಾವುದಕ್ಕೆ, ಹುರಿಯಲು ಯಾವುದು ಎಂದು ನಗಿಸುತ್ತ ಹೇಳುತ್ತಿದ್ದರು. ನೋಡುವವರು ಇದ್ದಾರೋ ಇಲ್ಲವೋ ಎಂದು ಮ್ಯಾನೇಜರಿಗೆ ಸಂಶಯ. ಜೂನ್ ಶುರುವಿನ ಒಂದು ಸಂಜೆ, ಸ್ಟುಡಿಯೋ ಲೈಟು ಕೆಟ್ಟಿದೆ ಎಂದು ಅವರಿಗೆ ಹೇಳಿ ಭಜನೆ ಹಾಕಿಸಿದರು.

ಮರುದಿನ ಶನಿವಾರದ ಮೀಟಿಂಗಿನಲ್ಲಿ ಮ್ಯಾನೇಜರ್ ಫಲಿತಾಂಶ ಹೇಳಿದರು.

“ಒಂದೇ ಒಂದು ಫೋನ್, ಮೇಡಂ. ಅದೂ ಯಾರೋ ವಯಸ್ಸಾದೋರು. ಹೆಸರು ಹೇಳಲಿಲ್ಲ. ಮೀನು ತಿನ್ನಲ್ವಂತೆ, ಆದ್ರೂ ಕಾರ್ಯಕ್ರಮ ಬೇಕಂತೆ. ಭಜನೆ ನಿಲ್ಸಿ ಅಂದ್ರು.”

ಎಲ್ಲರೂ ನಕ್ಕರು. ಭಜನೆ ನಿಲ್ಲಿಸಿ ಎನ್ನುವ ವಯಸ್ಸಾದ ಸಸ್ಯಾಹಾರಿ ಈ ಊರಿನಲ್ಲಿ ಎಷ್ಟು ಮಂದಿ ಇದ್ದಾರು? ನಾನು ಚಹಾದ ಲೋಟವನ್ನೇ ನೋಡುತ್ತಾ ಕೂತೆ.

ತಿಂಗಳ ಕೊನೆಗೆ ಮುಗಿಸುವುದೆಂದಾಯಿತು. ಹಿರಿಯಳೆಂದು ಬೋಳಾರದವರಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು.

ಮಧ್ಯಾಹ್ನ ಮನೆಗೆ ಬಂದು ಅಣ್ಣನ ಎದುರು ನಿಂತೆ. ಅಣ್ಣ ದೇವಸ್ಥಾನದ ಪೂಜೆಯನ್ನು ಮಗನಿಗೆ ವಹಿಸಿಕೊಟ್ಟು ನಮ್ಮಲ್ಲೇ ಇದ್ದ.

“ಚಾನೆಲ್‌ಗೆ ಫೋನು ಮಾಡಿದ್ದು ನೀನಾ?”

“ಹೌದು. ಎಂತ ಈಗ?”

“ಬಂಗುಡೆಗೂ ಬೂತಾಯಿಗೂ ವ್ಯತ್ಯಾಸ ಗೊತ್ತುಂಟಾ ನಿನಗೆ?”

“ಗೊತ್ತುಂಟು. ಆ ಅಮ್ಮ ಹೇಳಿದ್ದಾರೆ,” ಎಂದ ಅಣ್ಣ. “ನಾನು ಮೀನು ನೋಡುದಲ್ಲ, ಮಾತು ಕೇಳುದು. ಭಜನೆ ನಾನು ಬೇಕಾದಷ್ಟು ಹಾಡಿದ್ದೇನೆ ಮಾರಾಯ್ತಿ.”

ಊಟ ಮುಗಿಸಿ ಬೋಳಾರಕ್ಕೆ ಹೊರಟೆ. ಬೇಸರದ ಕೆಲಸವನ್ನು ಅಂದೇ ಮುಗಿಸಬೇಕು ಎಂದು ಮಕ್ಕಳಿಗೆ ಕಲಿಸಿದವಳು, ತಪ್ಪಿಸಿಕೊಳ್ಳುವಂತಿರಲಿಲ್ಲ. ಅವರು ಜಗಲಿಯಲ್ಲಿ ಕೂತು ಒಣಸಿಗಡಿಯ ತಲೆ ಮುರಿಯುತ್ತಿದ್ದರು. ನನಗೆ ಕುರ್ಚಿ ಸ್ವಲ್ಪ ದೂರದಲ್ಲೇ ಹಾಕಿಸಿದರು, ವಾಸನೆ ಬಾರದಿರಲಿ ಎಂದು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವರ ಕೈ ನಿಂತಿತು.

“ಬುಟ್ಟಿ ಹೊರುದು ಮುಗಿಯಿತು ಟೀಚರ್. ಇದೂ ಹೋದ್ರೆ ಮತ್ತೆ ಮನೆಯಲ್ಲಿ ಕೂತು ಸೊಸೆಗೆ ಅಡುಗೆ ಹೇಳಿ ಕೊಡುದು. ಅವಳು ಪಾಪ, ಒಳ್ಳೆಯವಳು. ಅವಳಿಗೋಸ್ಕರ ಆದ್ರೂ ಇದು ಉಳಿಯಬೇಕಿತ್ತು.” ಮತ್ತೆ ಒಂದು ಸಿಗಡಿ ಕೈಗೆತ್ತಿಕೊಂಡು ಕೇಳಿದರು, “ಒಬ್ಬರೂ ಕೇಳ್ಲಿಲ್ವಾ?”

“ಒಬ್ಬರು ಕೇಳಿದರು. ಅವರು ಮೀನು ತಿನ್ನುವುದಿಲ್ಲ.”

“ನಿನ್ನೆಯಾ ನಿಲ್ಲಿಸಿದ್ದು?” ಎಂದವರು ತಲೆ ಎತ್ತಿ ನನ್ನನ್ನೇ ನೋಡಿದರು. “ಅಯ್ಯೋ ಟೀಚರ್, ಮೊನ್ನೆಯಿಂದ ಬೋಟುಗಳಿಗೆ ರಜೆ ಅಲ್ವಾ? ಮಳೆಗಾಲ, ಕಡಲಿಗೆ ಹೋಗ್ಲಿಕ್ಕಿಲ್ಲ. ದಕ್ಕೆಯಲ್ಲಿ ಮೀನೇ ಇಲ್ಲ. ಮೀನಿಲ್ಲದ ಮೇಲೆ ಮೀನಿನ ಕಾರ್ಯಕ್ರಮ ಇಲ್ಲ ಅಂತ ಜನ ತಿಳ್ಕೊಂಡಿದ್ದಾರೆ. ನನಗೇ ಲೈಟು ಕೆಟ್ಟದ್ದು ಒಳ್ಳೇದಾಯ್ತು ಅಂತ ಕಂಡಿತ್ತು. ಎಂತ ತೋರಿಸುದು ಅಂತ ತಲೆಬಿಸಿ ಮಾಡ್ಕೊಂಡಿದ್ದೆ.”

ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಎಂಬ ಸಾಲು ಆ ವಾರವಿಡೀ ನಮ್ಮದೇ ಪರದೆಯ ಕೆಳಗೆ ಓಡುತ್ತಿತ್ತು. ದಾವಣಗೆರೆಯ ಮ್ಯಾನೇಜರಿಗೆ ಅದು ಒಂದು ಸುದ್ದಿ. ಬೇಳೆಸಾರಿನ ಮನೆಯವಳಾದ ನನಗೂ ಅಷ್ಟೇ. ಫೋನು ಮಾಡಿದ ಒಬ್ಬನೇ ಒಬ್ಬನಿಗೂ ಅದು ಮೀನಿಲ್ಲದ ಕಾಲವೆಂದು ಗೊತ್ತಿರಲಿಲ್ಲ. ಗೊತ್ತಿದ್ದ ಊರು ತೆಪ್ಪಗೆ ಕೂತಿತ್ತು.

ಸೋಮವಾರ ಬೆಳಿಗ್ಗೆ ಬೋಳಾರದವರನ್ನು ಕರೆದುಕೊಂಡೇ ಚಾನೆಲ್‌ಗೆ ಹೋದೆ. ಮ್ಯಾನೇಜರ್ ಪೂರ್ತಿ ಕೇಳಿಸಿಕೊಂಡರು. ಆದರೂ ಅವರ ಪ್ರಶ್ನೆ ನ್ಯಾಯವಾದದ್ದೇ.

“ಸರಿ ಅಮ್ಮಾ, ಪರೀಕ್ಷೆ ತಪ್ಪಾಯ್ತು. ಆದ್ರೆ ಎರಡು ತಿಂಗಳು ಮೀನೇ ಇಲ್ಲ ಅಂದ್ರೆ ಏನು ತೋರಿಸ್ತೀರಿ?”

“ಒಣಮೀನು,” ಎಂದರು ಅವರು. “ಮೀನಿಲ್ಲದಾಗಲೇ ಅಲ್ವಾ ಸಾರ್ ಮೀನಿನ ಆಸೆ ಜಾಸ್ತಿ? ನಿಮ್ಮ ಊರಲ್ಲಿ ಮಾವಿನಕಾಯಿ ಇಲ್ಲದಾಗ ಉಪ್ಪಿನಕಾಯಿ ತಿನ್ನುದಿಲ್ವಾ?”

“ತಿಂತೀವಿ.”

“ಹಾಗೇ ಇದು.”

ಅಂದು ಸಂಜೆಯ ಮಟ್ಟಿಗೆ ಒಪ್ಪಿದರು, ಅದೂ ನೇರ ಪ್ರಸಾರದಲ್ಲಿ. ನಾನು ಊಟಕ್ಕೆ ಮನೆಗೆ ಹೋಗಲಿಲ್ಲ. ಕ್ರಮ ತಪ್ಪಿಸಿದ ಅಪರೂಪದ ದಿನ ಅದು. ಅವರು ಕ್ಯಾಮೆರಾದ ಎದುರು ಕೂತು ಒಣಸಿಗಡಿ ಚಟ್ನಿ ಮಾಡುವುದನ್ನು ಹೇಳತೊಡಗಿದರು. ಹುರಿದ ಸಿಗಡಿ, ತೆಂಗಿನಕಾಯಿ, ಒಣಮೆಣಸು, ಹುಳಿ, ಒಂದು ಈರುಳ್ಳಿ.

ಈರುಳ್ಳಿ ಎಂದದ್ದೇ ತಡ, ಫೋನು ಬಡಿದುಕೊಂಡಿತು. ಮ್ಯಾನೇಜರ್ ತಾವೇ ಎತ್ತಿದರು. ಜೆಪ್ಪುವಿನಿಂದ ಒಬ್ಬ ಅಜ್ಜಿ. ಚಟ್ನಿಗೆ ಈರುಳ್ಳಿ ಹಾಕುವುದು ಯಾವ ಊರಿನ ಕ್ರಮ ಎಂದು ಅವರಿಗೆ ಸಿಟ್ಟು. ಅದನ್ನು ಇಡುವಷ್ಟರಲ್ಲಿ ಇನ್ನೊಂದು. ಈರುಳ್ಳಿ ಬೇಕೇಬೇಕು, ಹಸಿಯಾಗಿ ಬೇಕು ಎಂದು ವಾದ. ಮತ್ತೊಬ್ಬರು ಬೆಳ್ಳುಳ್ಳಿಯ ಪಕ್ಷ. “ಹ್ಞೂಂ ಅಮ್ಮಾ, ಹೇಳ್ತೀನಿ ಅಮ್ಮಾ” ಎನ್ನುತ್ತ ಮ್ಯಾನೇಜರ್ ಬೆವರಿದರು. ಕರೆಗಳೆಲ್ಲ ತುಳುವಿನಲ್ಲಿ, ಅವರಿಗೆ ಅರ್ಧವೂ ಅರ್ಥವಾಗುತ್ತಿರಲಿಲ್ಲ. ನಾನು ಪಕ್ಕದಲ್ಲಿ ನಿಂತು ತಿಳಿಸಿ ಹೇಳಿದೆ.

ಕಾರ್ಯಕ್ರಮ ಮುಗಿಸಿ ಅವರು ಹೊರಗೆ ಬಂದು ಬಾಗಿಲ ಬಳಿ ನಿಂತರು. ಕೇಳಲು ಹೆದರಿಕೆ ಇದ್ದಂತೆ ಸೆರಗಿನಲ್ಲಿ ಕೈ ಒರೆಸುತ್ತಲೇ ಇದ್ದರು. ಮ್ಯಾನೇಜರ್ ಆಗಲೂ ರಿಸೀವರ್ ಹಿಡಿದುಕೊಂಡೇ ಇದ್ದರು. ಅದರ ಬಾಯಿಯನ್ನು ಅಂಗೈಯಿಂದ ಮುಚ್ಚಿ ಕೇಳಿದರು.

“ನಾಳೆ ಏನಮ್ಮಾ?”

“ನಂಗ್ ಮೀನು, ಸಾರ್. ಒಣಗಿದ್ದು,” ಎಂದರು ಅವರು. “ಅದಕ್ಕೆ ಇದಕ್ಕಿಂತ ಜಾಸ್ತಿ ಜಗಳ ಉಂಟು.”