ಬೆಂಗಳೂರಿನವರೆಗೆ ನಿಂತೇ ಬಂದ ಹಾಲಕ್ಕ

ಹಾಲಕ್ಕನ ಕೈಗಳು ಅವಳ ಮುಖಕ್ಕಿಂತ ಇಪ್ಪತ್ತು ವರ್ಷ ಮುದಿಯಾಗಿದ್ದವು. ಮುಖ ದುಂಡಗೆ, ಹಣೆಯ ತುಂಬ ವಿಭೂತಿ, ತುಟಿಯ ಮೇಲೆ ಸದಾ ಒಂದು ಕುಚೋದ್ಯ. ಕೈಗಳು ಮಾತ್ರ ನೀರಿನಲ್ಲಿ ನೆನೆದು ಬಿಳಿಚಿ, ಗೆಣ್ಣು ಗೆಣ್ಣಿಗೂ ಬಿರಿದಿದ್ದವು. ಚಳಿಗಾಲದಲ್ಲಿ ಅವುಗಳಿಂದ ರಕ್ತ ಜಿನುಗುತ್ತಿತ್ತು.

ಅವಳು ನನ್ನ ಒಡಹುಟ್ಟಿದ ಅಕ್ಕ. ತಾಯಿ ಇಲ್ಲದ ನನ್ನನ್ನು ಬೆಳೆಸಿದವಳು. ಅಜ್ಜಂಪುರದ ಈರುಳ್ಳಿ ವ್ಯಾಪಾರಿ ಓಂಕಾರಪ್ಪನವರಿಗೆ ಕೊಟ್ಟಿತ್ತು. ನಾನು ಕಡೂರಿನಲ್ಲಿ ಸಹಾಯಕ ಸ್ಟೇಷನ್ ಮಾಸ್ಟರ್. ರಜೆಯ ದಿನ ಬೆಳಗಿನ ಪ್ಯಾಸೆಂಜರಿಗೆ ಹೋಗಿ ಸಂಜೆಯ ಗಾಡಿಗೆ ಹಿಂದಿರುಗುವುದು ನನ್ನ ಕ್ರಮ.

"ಬಂದೇನೋ ಸ್ಟೇಷನ್ನು?" ಎನ್ನುತ್ತಿದ್ದಳು, ಬಚ್ಚಲ ಬಾಗಿಲ ಹಿಂದಿನಿಂದಲೇ. "ನಿನ್ ಗಾಡಿನೂ ಒಂದು ಗಂಟೆ ಲೇಟು, ನನ್ ಸ್ನಾನನೂ ಒಂದು ಗಂಟೆ ಲೇಟು. ನಿಂಗೆ ಸಂಬಳ ಕೊಡ್ತಾರೆ, ನಂಗೆ ಬೈತಾರೆ. ಯಾವೂರ ನ್ಯಾಯ ಕಣೋ ಇದು?"

"ಹಾಲಮ್ಮನ ಮನೆ ನೆಲದ ಮೇಲೆ ಅನ್ನ ಬಡಿಸ್ಕೊಂಡು ಉಣ್ಬೋದು ಕಣ್ರೀ" ಎಂದು ಬೀದಿಯವರು ಹೊಗಳುತ್ತಿದ್ದರು. ನನಗೆ ಅದು ಹೆಮ್ಮೆ. ಎರಡು ಸಲ ನೋಡಿ ಗಾಡಿ ಬಿಡುವವನೇ ಒಳ್ಳೆಯ ನೌಕರನೆಂದು ಕಲಿತವನು ನಾನು. ಅಕ್ಕ ಚಿಲಕವನ್ನು ನಾಲ್ಕು ಸಲ ಮುಟ್ಟಿ ನೋಡಿದರೆ, ಅಕ್ಕಿಯನ್ನು ಏಳು ನೀರಿನಲ್ಲಿ ತೊಳೆದರೆ, ನಮ್ಮ ಮನೆತನದ ಶಿಸ್ತು ಎಂದುಕೊಂಡೆ. "ನೋಡಿ ಕಲಿ" ಎಂದು ಹೆಂಡತಿಗೂ ಹೇಳಿದ್ದೆ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅವಳ ಸ್ನಾನ ಹನ್ನೊಂದು ಗಂಟೆಯವರೆಗೂ ಹೋಯಿತು. ಬಚ್ಚಲಿಂದ ಪೂಜೆಯ ಮೂಲೆಗೆ ಬರುವಾಗ ಯಾರ ಸೆರಗು ತಾಗಿದರೂ ಮೊದಲಿಂದ ಶುರು. ಮಗಳು ಕಮಲಿ ಬೆಳಕು ಹರಿಯುತ್ತಿದ್ದಂತೆ ಬಾವಿಗೆ ಹಗ್ಗ ಇಳಿಸಿದರೆ, ಅವ್ವನ ಸ್ನಾನಕ್ಕೆ ನೀರು ಸೇದುವುದರಲ್ಲೇ ಅವಳ ಬೆಳಗೆಲ್ಲ ಮುಗಿಯುತ್ತಿತ್ತು. ಆಗಲೂ ನಾನು ಕಾಯಿಲೆ ಎನ್ನಲಿಲ್ಲ, ಕ್ರಮ ತಪ್ಪಿದೆ ಎಂದೆ. ರೈಲ್ವೆ ಫಾರಂ ಒಂದರ ಹಿಂಬದಿಯಲ್ಲಿ ವೇಳಾಪಟ್ಟಿ ಬರೆದೆ. ಐದಕ್ಕೆ ಏಳುವುದು, ಐದೂಕಾಲಿಗೆ ಸ್ನಾನ, ಐದೂವರೆಗೆ ಹೊರಗೆ. ಅದನ್ನು ಬಚ್ಚಲ ಬಾಗಿಲಿಗೆ ಅಂಟಿಸಿ, ಅಲಾರಂ ಗಡಿಯಾರವನ್ನೂ ಇಟ್ಟು ಬಂದೆ.

ಹದಿನೈದು ದಿನ ಬಿಟ್ಟು ಹೋದಾಗ ಕಮಲಿ ಹಿತ್ತಲಿನಲ್ಲೇ ತಡೆದಳು. "ಮಾವ, ಆ ಚೀಟಿ ಕಿತ್ತಾಕು. ಐದೂವರೆ ದಾಟಿದ್ರೆ ಇವತ್ತಿನ ಸ್ನಾನ ಕೆಟ್ಟೋಯ್ತು ಅಂತ ಅವ್ವ ಮತ್ತೆ ಮೊದ್ಲಿಂದ ಹುಯ್ಕೊಳ್ತಾಳೆ. ಈಗ ಮಧ್ಯಾಹ್ನ ಒಂದು ಗಂಟೆಗೂ ಹೊರಗ್ ಬರಲ್ಲ."

ಚೀಟಿ ಕಿತ್ತೆ. ಅಂಟಿನ ಗುರುತನ್ನು ತೊಳೆಯಲು ಅಕ್ಕನಿಗೆ ಇನ್ನೊಂದು ಕೆಲಸ ಸಿಕ್ಕಿತು.

ಆಮೇಲೆ ಭಾವ ನೆಂಟರನ್ನೂ ಮಠದ ಅಯ್ಯನವರನ್ನೂ ಕರೆಸಿ ನಡುಮನೆಯಲ್ಲಿ ಕೂರಿಸಿದರು. ಏಳು ಜನ ಒಬ್ಬರಾದ ಮೇಲೊಬ್ಬರು ಬುದ್ಧಿ ಹೇಳಿದರು. ಅಯ್ಯನವರು ಒಳ್ಳೆಯವರು. "ತಾಯಿ, ಶಿವ ಒಂದು ತಂಬಿಗೆ ನೀರಿಗೇ ತೃಪ್ತ ಆಗ್ತಾನೆ" ಎಂದರು. ಅಕ್ಕ ಗೋಡೆಗೆ ತಾಗದಂತೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

"ಎಲ್ರದೂ ಮುಗೀತಾ?" ಎಂದಳು ಕೊನೆಗೆ. "ಹಂಗಾದ್ರೆ ಏಳ್ರಪ್ಪಾ. ಏಳು ಜನ ಕೂತಿದ್ದು ತೊಳೀಬೇಕು."

ಒಬ್ಬಿಬ್ಬರು ನಕ್ಕರು. ಭಾವ ಎದ್ದು ಹೊರಗೆ ಹೋದರು. ಅಯ್ಯನವರ ಮಾತಿನಿಂದ ಅಕ್ಕನಿಗೆ ಒಂದು ಹೊಸ ಹೆದರಿಕೆ ಅಂಟಿಕೊಂಡಿತು: ಇಷ್ಟು ದಿನ ಶಿವನ ನೀರು ಪೋಲು ಮಾಡಿದ ಪಾಪ. ಅದನ್ನು ಕಳೆಯಲು ಇನ್ನೂ ನಾಲ್ಕು ಕೊಡ.

ಕೈ ಕೀವುಗಟ್ಟಿದಾಗ ಬಾಡಿಗೆ ಕಾರಿನ ಸೀಟಿಗೆ ಒಗೆದ ಸೀರೆ ಹಾಸಿ ತರೀಕೆರೆಗೆ ಕರೆದೊಯ್ದೆ. ಅಲ್ಲಿಗೆ ಹೊಸದಾಗಿ ಒಬ್ಬ ಲೇಡಿ ಡಾಕ್ಟರ್ ಬಂದಿದ್ದರು. ಅವರು ಕೈಯನ್ನು ತಿರುಗಿಸಿ ನೋಡಿ, ಮುಲಾಮಿನ ಮಾತೆತ್ತದೆ ಒಂದು ಪ್ರಶ್ನೆ ಕೇಳಿದರು: "ತೊಳೀದೆ ಇದ್ರೆ ಏನಾಗುತ್ತೆ ಅಂತ ನಿಮ್ಗೆ ಭಯ?"

ನಮ್ಮಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಎಲ್ಲರೂ ಯಾಕೆ ತೊಳೀತೀಯ ಎಂದು ಗದರಿದ್ದೆವು, ಅಷ್ಟೆ.

ಅಕ್ಕ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಕುಚೋದ್ಯವಿಲ್ಲದ ಒಂದು ಮಾತು ಬಂತು. "ಕಮಲಿ ಸತ್ತೋಗ್ತಾಳೆ. ನನ್ ಕೈಯಿಂದ."

ಡಾಕ್ಟರ್ ನನ್ನ ಕಡೆ ತಿರುಗಿದರು. "ಇದು ಸ್ವಭಾವ ಅಲ್ಲ ಕಣ್ರೀ, ಕಾಯಿಲೆ. ಬೆಂಗಳೂರಿನ ಮನಸ್ಸಿನ ಆಸ್ಪತ್ರೇಲಿ ಇದಕ್ಕೆ ಔಷಧಿ ಇದೆ, ಅಭ್ಯಾಸ ಮಾಡಿಸ್ತಾರೆ. ಗುಂಪು ಸೇರಿಸಿ ಬುದ್ಧಿ ಹೇಳ್ಬೇಡಿ. ಪ್ರೀತಿಯೋರು ಇಬ್ರೋ ಮೂವರೋ ಕೂತ್ಕೊಂಡು, ನೀವು ಕಣ್ಣಾರೆ ಕಂಡಿದ್ದನ್ನ ಮಾತ್ರ ಹೇಳಿ. ಒಪ್ಪಿದ ದಿನವೇ ಹೊರಡಿ. ನಾಳೆ ಅಂದ್ರೆ ಕೆಟ್ಟಿತು."

ಭಾವ ಒಪ್ಪಲಿಲ್ಲ. "ಹುಚ್ಚಾಸ್ಪತ್ರೆಗೆ ಸೇರಿಸಿದ್ರೆ ಕಮಲಿನ ಯಾರ್ ಮಾಡ್ಕೊಳ್ತಾರೋ?" ಎಂದರು. ಕಮಲಿಯೇ ಉತ್ತರ ಕೊಟ್ಟಳು: "ಬಾವಿ ಹತ್ರ ನಿಂತು ನಿಂತು ಮುದುಕಿ ಆಗೋಳ್ನ ಯಾರ್ ಮಾಡ್ಕೊಳ್ತಾರಪ್ಪಾ?"

ಮುಂದಿನ ರಜೆಯಲ್ಲಿ ಟಿಕೆಟ್ ತೆಗೆದುಕೊಂಡೇ ಹೋದೆ. ಈ ಸಲ ಭಾವನೂ ಒಪ್ಪಿದ್ದರು. ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಅವರು, ಕಮಲಿ, ನಾನು, ಮೂವರೇ ಅಕ್ಕನ ಎದುರು ಕುಳಿತೆವು. "ಅಕ್ಕಾ, ನಾನು ಬರೆದ ಚೀಟಿ ತಪ್ಪು. ಅದ್ರಿಂದ ನಿಂಗೆ ಜಾಸ್ತಿ ಆಯ್ತು" ಎಂದೆ. ಯಾರ ಮುಂದೆಯೂ ತಪ್ಪೊಪ್ಪಿಕೊಂಡ ಅಭ್ಯಾಸ ನನಗಿರಲಿಲ್ಲ. ಕಮಲಿ, "ಅವ್ವಾ, ನೀನು ನನ್ ತಲೆ ಮುಟ್ಟಿ ಮೂರು ವರ್ಷ ಆಯ್ತು" ಎಂದಳು.

ಅಕ್ಕ ಅವಳನ್ನೇ ನೋಡುತ್ತ ಕುಳಿತಳು. ಕೊನೆಗೆ ನನ್ನ ಕಡೆ ತಿರುಗಿ, "ಬೆಂಗಳೂರಲ್ಲಿ ನೀರು ಚೆನ್ನಾಗಿ ಬರುತ್ತೇನೋ?" ಎಂದಳು.

"ಬರುತ್ತೆ" ಎಂದೆ.

ರೈಲಿನಲ್ಲಿಯೂ ಸೀರೆ ಹಾಸಿ ಕುಳಿತಳು. ಬೀರೂರಿನಲ್ಲಿ ಹತ್ತಿದವರೊಬ್ಬರು ಅದರ ಮೇಲೆ ಬುಟ್ಟಿ ಇಟ್ಟರು. ಅಕ್ಕ ಎದ್ದಳು. ಮತ್ತೆ ಕೂರಲಿಲ್ಲ. ಕಡೂರು, ಅರಸೀಕೆರೆ, ತಿಪಟೂರು, ತುಮಕೂರು ದಾಟಿದವು. ಕಂಬಿಯನ್ನೂ ಹಿಡಿಯದೆ, ಗಾಡಿಯ ಕುಲುಕಾಟಕ್ಕೆ ಕಾಲಗಲಿಸಿ ನಿಂತಿದ್ದಳು. ಕಿಟಕಿಯಿಂದ ಎಂಜಿನ್ನಿನ ಮಸಿ ಹಾರಿ ಬಂದು ಅವಳ ಸೆರಗಿನ ಮೇಲೆ ಕೂತಿತು. ಅವಳು ಅದನ್ನು ನೋಡಿ ಕಣ್ಣು ಮುಚ್ಚಿಕೊಂಡಳು. ನಾನೂ ಪಕ್ಕದಲ್ಲಿ ನಿಂತೆ.

"ನೀನ್ಯಾಕೋ ನಿಂತೆ? ನಿನ್ನಪ್ಪನ ಮನೆ ಗಾಡಿ, ಕೂತ್ಕೊ" ಎಂದಳು.

ಆಸ್ಪತ್ರೆಯಲ್ಲಿ ಎರಡು ತಿಂಗಳಿದ್ದಳು. ಮಾತ್ರೆಯ ಜೊತೆಗೆ ಒಂದು ಕವಾಯತು. ಬಾಗಿಲ ಹಿಡಿಯನ್ನು ಮುಟ್ಟಬೇಕು, ಒಂದು ಗಂಟೆ ಕೈ ತೊಳೆಯಬಾರದು. ಭಯ ಏರುತ್ತದೆ, ಏರಿ ತಾನೇ ಇಳಿಯುತ್ತದೆ, ಕಾಯಬೇಕು. ಮನೆಯವರಿಗೂ ಒಂದು ನಿಯಮ: 'ಶುದ್ಧ ಆಯ್ತಾ?' ಎಂದು ಅವಳು ಕೇಳಿದರೆ ಆಯ್ತು ಎನ್ನಬಾರದು, ಇಲ್ಲ ಎನ್ನಲೂಬಾರದು. ಆ ಉತ್ತರವೇ ಕಾಯಿಲೆಗೆ ಊಟವಂತೆ. ಭಾವ ಕರಗಿ ಉತ್ತರ ಕೊಟ್ಟುಬಿಡುತ್ತಿದ್ದರು. ನಾನು ಕೊಡುತ್ತಿರಲಿಲ್ಲ.

"ಶುದ್ಧ ಆಯ್ತೇನೋ? ಒಂದ್ಸಲ ಹೇಳೋ. ಹೇಳೋ ಸ್ಟೇಷನ್ನು!" ಎಂದು ಅಳುತ್ತಿದ್ದಳು. ನಾನು ಬಾಯಿ ಬಿಡದಿದ್ದರೆ, "ನಿನ್ನನ್ನ ಎತ್ತಿ ಆಡ್ಸಿದ್ನಲ್ಲ, ಸಿಗ್ನಲ್ ಕಂಬಾನ ಆಡ್ಸಿದ್ರೆ ಒಂದ್ಸಲ ಕೈಯಾದ್ರೂ ಇಳಿಸೋದು" ಎಂದು ಬೈಯುತ್ತಿದ್ದಳು. ಹಾಗೆ ಸುಮ್ಮನೆ ಕುಳಿತದ್ದಕ್ಕಿಂತ ಕಷ್ಟದ ಡ್ಯೂಟಿಯನ್ನು ನಾನು ಮಾಡಿಲ್ಲ.

ಪೂರ್ತಿ ಗುಣವಾಯಿತು ಎಂದು ಬರೆಯಲಾರೆ. ಸ್ನಾನ ಮುಕ್ಕಾಲು ಗಂಟೆಗೆ ಇಳಿಯಿತು. ಎಲ್ಲರ ಜೊತೆ ಕುಳಿತು ಉಂಡಳು. ಮಳೆಗಾಲದಲ್ಲಿ ಕಾಯಿಲೆ ಮತ್ತೆ ಕೆರಳುತ್ತಿತ್ತು. ಮತ್ತೆ ಬೆಂಗಳೂರಿಗೆ ಹೋಗುತ್ತಿದ್ದೆವು. ಕಮಲಿಯನ್ನು ಕಡೂರಿನ ಮೇಷ್ಟ್ರೊಬ್ಬರು ಎಲ್ಲ ತಿಳಿದೇ ಮದುವೆಯಾದರು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಅಕ್ಕನೇ ಬಂದು ನನಗೆ ಹೇಳಿದಳು: "ನಿನ್ ಮನೇಲಿ ಬಾಣಂತನ ಮಾಡೋ. ನನ್ ಕೈ ನಂಗೇ ನಂಬಕಾಗಲ್ಲ." ಊರು ಆಡಿಕೊಂಡಿತು. ಅವಳು ಆಡಿಸಿಕೊಂಡಳು.

ಮಗು ಹುಟ್ಟಿ ತಿಂಗಳಾದ ಮೇಲೆ ಅಕ್ಕ ಒಬ್ಬಳೇ ರೈಲಿನಲ್ಲಿ ಬಂದಳು. ಎತ್ತಿಕೊಳ್ಳಲಿಲ್ಲ. ಕಮಲಿ ಮಗುವನ್ನು ಹತ್ತಿರ ಹಿಡಿದು, ಏನೂ ಹೇಳದೆ ಕಾದಳು. ಅಕ್ಕ ಬಲಗೈಯ ತೋರುಬೆರಳೊಂದನ್ನು ಚಾಚಿ ಮಗುವಿನ ಹಿಮ್ಮಡಿಯನ್ನು ಮುಟ್ಟಿದಳು. ಮಗು ಕಾಲು ಝಾಡಿಸಿತು. "ಒದಿಯಕ್ಕೆ ಬರುತ್ತಲ್ಲೇ ಇದಕ್ಕೆ!" ಎಂದಳು. ನನ್ನ ಹೆಂಡತಿ ಎಂದಿನ ವಾಡಿಕೆಯಂತೆ ಕೈಗೆ ನೀರು ತಂದಿಟ್ಟಳು. ಅಕ್ಕ ಆ ತಂಬಿಗೆಯನ್ನು ಬಹಳ ಹೊತ್ತು ನೋಡಿದಳು. "ತಗೊಂಡ್ ಹೋಗಮ್ಮ" ಎಂದಳು.

ಅದಾದ ಮೇಲೆ ನಾನು ಅವಳನ್ನು ಜೀವಂತವಾಗಿ ನೋಡಲಿಲ್ಲ. ಆ ಶ್ರಾವಣದಲ್ಲಿ ಜ್ವರ ಬಂದು ಮೂರೇ ದಿನದಲ್ಲಿ ಹೋದಳು.

ಮಗುವನ್ನು ನೋಡಿ ಅವಳು ಊರಿಗೆ ಹೊರಟ ಆ ದಿನ, ಮಧ್ಯಾಹ್ನದ ಗಾಡಿಗೆ ನಾನೇ ಡ್ಯೂಟಿಯಲ್ಲಿದ್ದೆ. ಅಕ್ಕ ಸೀಟಿನಲ್ಲಿ ಏನೂ ಹಾಸದೆ ಕುಳಿತಿದ್ದಳು. ಗಾಡಿ ಹೊರಟಾಗ ಕೈ ಬೀಸಲಿಲ್ಲ. ಮಗುವನ್ನು ಮುಟ್ಟಿದ, ಇನ್ನೂ ತೊಳೆಯದ ಬೆರಳೊಂದನ್ನು ಎಲ್ಲಿಗೂ ತಾಗದಂತೆ ಎತ್ತಿ ಹಿಡಿದುಕೊಂಡಿದ್ದಳು.